ನೂರಾ ಹನ್ನೆರಡು ಚೀಟಿ

ರೊಟ್ಟಿ ಹೊತ್ತಿದ ವಾಸನೆ ಪಡಸಾಲೆಗೆ ಬಂದಾಗ ಹೊಳಬಸಪ್ಪ ಬರೆಯುವುದನ್ನು ನಿಲ್ಲಿಸಿ ಅವ್ವನ ಕಡೆ ನೋಡಿದ. ರವಿವಾರ ಹನ್ನೊಂದರ ಬಿಸಿಲು ಬೆಳಕಿಂಡಿಯಿಂದ ಇಳಿದು ಅವಳ ಮಡಿಲಿನ ಕೆಂಪು ರೇಷ್ಮೆಯ ಮೇಲೆ ಬಿದ್ದಿತ್ತು. ಗುರುಸಿದ್ದವ್ವ ಎಂದಿನಂತೆ ಗೋಡೆಗೆ ಬೆನ್ನು ಕೊಟ್ಟು, ಸೀರೆಯ ಮೈಯ ಉದ್ದನೆಯ ಎಳೆಗಳಿಗೆ ಸೆರಗಿನ ಎಳೆಗಳನ್ನು ಕೂಡಿಸುತ್ತ ಕುಳಿತಿದ್ದಳು. ಈ ಕಡೆಯ ನೂಲಿನ ಕುಣಿಕೆಯೊಳಗೆ ಆ ಕಡೆಯ ರೇಷ್ಮೆಯ ಕುಣಿಕೆ, ಹೀಗೆ ಸಾವಿರಾರು ಕೂಡಬೇಕು, ಆಮೇಲೆ ಇಳಕಲ್ಲಿನ ಒಂದು ಸೀರೆಗೆ ಸೆರಗು. ಸೊಸೆ ರೊಟ್ಟಿ ಹೊತ್ತಿಸಿದಾಗಲೆಲ್ಲ ಅವ್ವ ಒಂದು ಮಾತು ಅನ್ನುತ್ತಿದ್ದಳು. ಹದಿನಾಲ್ಕು ವರ್ಷ ತಪ್ಪದೆ ಅಂದಿದ್ದಳು, ಬನಶಂಕರಿ ಹದಿನಾಲ್ಕು ವರ್ಷ ತಪ್ಪದೆ ಮುಖ ಊದಿಸಿಕೊಂಡಿದ್ದಳು. ಇವತ್ತೂ ಅವ್ವ ಮೂಗು ಏರಿಸಿದಳು, ಬಾಯಿ ತೆರೆದಳು. ಬೆರಳು ಕುಣಿಕೆಯ ಮೇಲೆ ನಿಂತಿತು. ಏನೂ ಬರಲಿಲ್ಲ. "ಬಸೂ," ಅಂದಳು ಸ್ವಲ್ಪ ಹೊತ್ತಿನ ಮೇಲೆ, "ರೊಟ್ಟಿ ಹೊತ್ತಿದಾಗ ನಾ ಏನೋ ಅಂತಿದ್ನೆಲ್ಲೋ, ಏನದು?" ಹೊಳಬಸಪ್ಪನಿಗೆ ನಗು ಬಂತು, ಹೇಳಿಕೊಡೋಣವೆಂದು ಅವನೂ ಬಾಯಿ ತೆರೆದ. ಅವನಿಗೂ ನೆನಪಾಗಲಿಲ್ಲ. ನೆನಪಾದದ್ದು ಇಂಗ್ಲಿಷ್. ನಲವತ್ತೇಳನೆಯ ಚೀಟಿ, ಅವನದೇ ಕೈಬರಹ, ಪಕ್ಕದಲ್ಲಿ ಪಿಲಾರ್ ಕೆಂಪು ಪೆನ್ನಿನಿಂದ ಎಳೆದ ದೊಡ್ಡ ಸರಿಗುರುತು. ಆ ಮಾತನ್ನು ಇಲ್ಲಿ ಬರೆಯೋಣವೆಂದರೆ ಬರೆಯುವುದಕ್ಕೆ ಅದು ಇಲ್ಲ. ಕಥೆಯೇ ಅದು, ಏನು ಮಾಡೋಣ.

ಪಿಲಾರ್ ಎಂಬ ಸ್ಪೇನ್ ದೇಶದ ಹೆಂಗಸು ಹೋದ ವರ್ಷ, ಎಪ್ಪತ್ತೇಳರ ದೀಪಾವಳಿಯ ಮುಂದೆ, ಬಾದಾಮಿಯ ಗುಹೆಗಳ ಫೋಟೋ ತೆಗೆಯಲು ಬಂದವಳು ಹಾಗೇ ಮಗ್ಗ ನೋಡಲು ಇಳಕಲ್ಲಿಗೂ ಬಂದಿದ್ದಳು. ಊರಿನಲ್ಲಿ ಇಂಗ್ಲಿಷ್ ಆಡುವವರು ಯಾರೆಂದು ಕೇಳಿದರೆ ಕಾಲೇಜಿನ ಇಂಗ್ಲಿಷ್ ಮಾಸ್ತರ ಹೊಳಬಸಪ್ಪನನ್ನು ತೋರಿಸಿದರು. ಅವಳು ಇದೇ ಪಡಸಾಲೆಯಲ್ಲಿ ಕುಳಿತು ಚಹಾ ಕುಡಿದಳು. ಅವ್ವ ಸುಮ್ಮನಿರಬೇಕಲ್ಲ! ಬಂದವಳ ಉದ್ದ ಕಾಲಿಗೊಂದು ಮಾತು, ಕತ್ತರಿಸಿದ ಕೂದಲಿಗೊಂದು ಮಾತು, ಗಂಡನಿಲ್ಲದೆ ಊರೂರು ತಿರುಗುವುದಕ್ಕೊಂದು ಮಾತು, ಹಿಂದಿನಿಂದ ಬಂದ ಗಾಳಿಗೆ ಕದ ಬಡಿದರೆ ಅದಕ್ಕೂ ಒಂದು. ಪಿಲಾರ್ ಕಣ್ಣರಳಿಸಿ, ಏನು ಹೇಳುತ್ತಿದ್ದಾರೆ ಎಂದು ಕೇಳಿದಳು. ಹೊಳಬಸಪ್ಪನ ಕಿವಿ ಬಿಸಿಯಾಯಿತು. ಏನಿಲ್ಲ, ಹಳ್ಳಿ ಮಾತು, ಅರ್ಥವಿಲ್ಲದ್ದು, ಎಂದು ಇಂಗ್ಲಿಷಿನಲ್ಲಿ ಹೇಳಿ, ಅವ್ವನ ಕಡೆ ತಿರುಗಿ "ಸುಮ್ಮ ಕುಂದರ್ತಿಯೇನ ಯವ್ವಾ, ಮಂದಿ ಮುಂದ ಮರ್ಯಾದಿ ತಗೀಬ್ಯಾಡ" ಎಂದ. ಅವ್ವ ಸುಮ್ಮನಾದಳು. ಆ ಸುಮ್ಮನಾದ ರೀತಿ ಅವನಿಗೆ ಈಗ, ಈ ರೊಟ್ಟಿಯ ಹೊಗೆಯಲ್ಲಿ, ಇದ್ದಕ್ಕಿದ್ದಂತೆ ಕಾಣಿಸಿತು: ಸೆರಗಿನಿಂದ ಬಾಯಿ ಒರೆಸಿಕೊಂಡು, ಏನೋ ಎಂಜಲು ಸಿಡಿಸಿದವಳ ಹಾಗೆ ಕೆಳಗೆ ನೋಡಿದ್ದಳು. ಪಿಲಾರ್ ಹೋಗುವ ಮುಂದೆ ತನ್ನ ಕೆಲಸ ಹೇಳಿದಳು. ಅವಳ ತಾಯಿ ತೀರಿಕೊಂಡು ಮೂರು ವರ್ಷ. ಆ ತಾಯಿ ಬಾಯಿ ಬಿಟ್ಟರೆ ಗಾದೆಯೇ ಆಡುತ್ತಿದ್ದಳಂತೆ. ನೆನಪಿದ್ದ ನೂರಾ ಹನ್ನೆರಡನ್ನು ಮಗಳು ಚೀಟಿಗಳಲ್ಲಿ ಬರೆದಿಟ್ಟಿದ್ದಾಳೆ. ಲಂಡನ್ನಿನ ಪ್ರಕಾಶಕರೊಬ್ಬರು ಪುಸ್ತಕ ಮಾಡುತ್ತಾರೆ, ಆದರೆ ಇಂಗ್ಲಿಷ್ ಸಹಜವಾಗಿರಬೇಕು, ಮನೆಯಲ್ಲಿ ಮುದುಕಿ ಆಡಿದಂತಿರಬೇಕು. ಅವಳ ಇಂಗ್ಲಿಷ್ ಅಷ್ಟಕ್ಕಷ್ಟೆ. ನೀವು ಮಾಡುತ್ತೀರಾ? ಮುಖಪುಟದಲ್ಲಿ ನಿಮ್ಮ ಹೆಸರಿರುತ್ತದೆ.

ಹೆಸರು! ಧಾರವಾಡದಲ್ಲಿ ಎಂ.ಎ. ಮಾಡಿ ಬಂದ ಮೇಲೆ ಹದಿನೈದು ವರ್ಷ ಅವನ ಹೆಸರು ಕಾಲೇಜಿನ ಹಾಜರಿ ಮಸ್ಟರಿನಲ್ಲಿ ಬಿಟ್ಟು ಎಲ್ಲಿಯೂ ಅಚ್ಚಾಗಿರಲಿಲ್ಲ, ಮಸ್ಟರಿನಲ್ಲೂ ಕೈಬರಹವೇ. ಅವನು ಸ್ಪ್ಯಾನಿಷ್ ಡಿಕ್ಷನರಿ ತರಿಸಿದ. ಪ್ರತಿ ಚೀಟಿಯ ಮುಂದೆ ಸ್ಪ್ಯಾನಿಷ್ ಗಾದೆ, ಅದರ ಕೆಳಗೆ ಪಿಲಾರಳ ಮೋಟು ಇಂಗ್ಲಿಷ್, ಹಿಂದೆ ಅವಳ ತಾಯಿ ಅದನ್ನು ಯಾವಾಗ ಅಂದಳೆಂಬ ಎರಡು ಸಾಲು. ನಲವತ್ತು ಚೀಟಿ ಮುಗಿಸಿ ಕಳಿಸಿದ. ಒಂದೂವರೆ ತಿಂಗಳಿಗೆ ಅಂಚೆಯ ನಬಿಸಾಬ "ನಿಮ್ಮ ಪರದೇಶಿ ಟಪಾಲು ಬಂತ್ ನೋಡ್ರಿ ಸರ" ಎನ್ನುತ್ತ ಕೊಟ್ಟ ಲಕೋಟೆಯನ್ನು ಅವನು ಕಾಲೇಜಿನ ಮೆಟ್ಟಿಲ ಮೇಲೆಯೇ ಒಡೆದ. ನಲವತ್ತಕ್ಕೆ ನಲವತ್ತೂ ತಿರುಗಿ ಬಂದಿದ್ದವು. ಪ್ರತಿಯೊಂದರ ಪಕ್ಕದಲ್ಲಿ ಒಂದೇ ಸಾಲು, ಕೆಂಪಿನಲ್ಲಿ: ಹೀಗೆ ಯಾರೂ ಮಾತಾಡುವುದಿಲ್ಲ. ಸ್ಟಾಫ್ ರೂಮಿನಲ್ಲಿ ಪ್ರಿನ್ಸಿಪಾಲರು "ಏನ್ರಿ ಸ್ಪೇನಪ್ಪ, ಎಲ್ಲಿಗೆ ಬಂತ್ರಿ ನಿಮ್ಮ ಬುಕ್ಕು?" ಎಂದರು, ಎಲ್ಲರೂ ನಕ್ಕರು. ಅವನೂ ನಕ್ಕು, ಅರ್ಧ ಮುಗಿದಂಗ ಆತ್ರಿ ಸರ ಎಂದ. ಮನೆಗೆ ಬಂದು ಆ ನಲವತ್ತು ಚೀಟಿಗಳನ್ನು ಟ್ರಂಕಿನಲ್ಲಿ ಪ್ಯಾಂಟಿನ ಅಡಿ ಮುಚ್ಚಿಟ್ಟ. ಯಾರಿಂದ ಮುಚ್ಚಿಟ್ಟನೋ, ಆ ಮನೆಯಲ್ಲಿ ಇಂಗ್ಲಿಷ್ ಓದುವವರು ಅವನನ್ನು ಬಿಟ್ಟರೆ ಯಾರೂ ಇರಲಿಲ್ಲ.

ದಾರಿ ಸಿಕ್ಕದ್ದು ಅಕಸ್ಮಾತ್ತಾಗಿ. ಒಂದು ಸಂಜೆ ಚೀಟಿಯ ಹಿಂದಿನ ಎರಡು ಸಾಲನ್ನು ಅವನು ಬೇಸರದಿಂದ ಗಟ್ಟಿಯಾಗಿ ಕನ್ನಡದಲ್ಲಿ ಅಂದುಕೊಂಡ: ನೆರೆಮನೆಯಾಕೆ ತನ್ನ ಮಗಳ ರೂಪ ತಾನೇ ಹೊಗಳಿಕೊಂಡು ಹೋದಳು, ಆಮೇಲೆ ತಾಯಿ ಅಂದದ್ದು. ಅವ್ವ ಕುಣಿಕೆಯಿಂದ ತಲೆ ಎತ್ತದೆ, ಕೇಳಿದವರಾರು ಎಂದೂ ನೋಡದೆ, ತಟ್ಟನೆ ಒಂದು ಮಾತು ಅಂದಳು. ಅದರಲ್ಲಿ ಉಪ್ಪು ಇತ್ತು, ಒಂದು ಕುರುಡು ಎಮ್ಮೆ ಇತ್ತು. ಹೊಳಬಸಪ್ಪ ಹೊಟ್ಟೆ ಹಿಡಿದು ನಕ್ಕ, ನಗುನಗುತ್ತ ಅದನ್ನೇ ಇಂಗ್ಲಿಷ್ ಮಾಡಿದ. ಇಂಗ್ಲಿಷ್ ತಾನಾಗಿ ಬಂತು, ಡಿಕ್ಷನರಿ ಮುಟ್ಟಲಿಲ್ಲ. ಸ್ಪ್ಯಾನಿಷ್ ಗಾದೆಯಲ್ಲಿ ಉಪ್ಪೂ ಇಲ್ಲ, ಎಮ್ಮೆಯೂ ಇಲ್ಲ, ಮೋಸವೇ ಅದು, ಆದರೂ ಕಳಿಸಿದ. ಉತ್ತರ ಬಂತು. ದೊಡ್ಡ ಸರಿಗುರುತು, ಕೆಳಗೆ ಅಲುಗಾಡಿದ ಕೈಯಲ್ಲಿ ಬರೆದ ನಾಲ್ಕು ಸಾಲು. ನನ್ನ ತಾಯಿ ಇದನ್ನು ಎರಡು ಬಗೆಯಾಗಿ ಅನ್ನುತ್ತಿದ್ದಳು. ಉಪ್ಪಿನದು ನಾನು ಮರೆತೇಬಿಟ್ಟಿದ್ದೆ, ನಿಮಗೆ ಬರೆದಿರಲಿಲ್ಲ. ನಮ್ಮ ಊರಲ್ಲಿ ಎಮ್ಮೆ ಇಲ್ಲ, ಹೇಸರಗತ್ತೆ; ಆದರೆ ಕುರುಡು. ನಿಮಗೆ ಹೇಗೆ ಗೊತ್ತಾಯಿತು? ಹೊಳಬಸಪ್ಪ ಆ ಕಾಗದವನ್ನು ಮೂರು ಸಲ ಓದಿದ. ಮೈ ಜುಮ್ಮೆಂದಿತು, ಖರೆ. ಆದರೆ ಅದಕ್ಕಿಂತ ಹೆಚ್ಚಾಗಿ ಖುಷಿಯಾಯಿತು, ಅದನ್ನು ಮುಚ್ಚಿಡಬಾರದು. ಅಂದಿನಿಂದ ದಿನಾ ಸಂಜೆ ಅವ್ವನ ಮುಂದೆ ಚೀಟಿ ಹಿಡಿದು ಕುಳಿತ. "ಯವ್ವಾ, ಒಬ್ಬಾಕಿ ಸೊಸಿ ಹಾಲು ಉಕ್ಕಿಸಿದ್ಲು. ಅತ್ತಿ ಏನಂತಾಳ?" ಅವ್ವ ಅನ್ನುತ್ತಿದ್ದಳು. ಮಗ ತನ್ನ ಮಾತು ಕೇಳಲು ಎದುರಿಗೆ ಬಂದು ಕೂತದ್ದೇ ಅವಳಿಗೆ ಹಬ್ಬ. "ಬರಕೋ, ಬರಕೋ, ಇನ್ನೊಂದು ಐತಿ" ಎಂದು ತಾನೇ ಕೊಡುತ್ತಿದ್ದಳು. ಹೀಗೆ, ತಿರುಗಿ ಬಂದಿದ್ದ ನಲವತ್ತೂ ಸೇರಿ, ಅರವತ್ತೈದಾದವು.

ಈಗ ಹೊತ್ತಿದ ರೊಟ್ಟಿಯನ್ನು ಬನಶಂಕರಿ ಹಿತ್ತಲಿಗೆಸೆದು ಬಂದು, ಅತ್ತೆಯ ಮಾತಿಗಾಗಿ ಮುಖ ಸಿದ್ಧಮಾಡಿಕೊಂಡು ಬಾಗಿಲಲ್ಲಿ ನಿಂತಳು. ಮಾತು ಬರಲಿಲ್ಲ. ಅವಳು ಸ್ವಲ್ಪ ಹೊತ್ತು ಕಾದಳು. "ಅತ್ತೀ, ಆರಾಮ ಅದೀರಿಲ್ಲೋ?" ಎಂದಳು. ಹೊಳಬಸಪ್ಪ ಎದ್ದು ಕಾರ್ಬನ್ ಪ್ರತಿಗಳ ಕಟ್ಟು ತೆಗೆದು ಒಂದೊಂದೇ ಓದಿದ. ಪ್ರತಿ ಇಂಗ್ಲಿಷ್ ಸಾಲಿನ ಹಿಂದೆ ಅವ್ವನ ದನಿ ಹುಡುಕಿದ. ಬಾವಿಯ ಮಾತು, ಬೀಗರ ಮಾತು, ಕುರುಡು ಎಮ್ಮೆಯ ಮಾತು. ವಿಷಯ ನೆನಪಿದೆ, ಅವ್ವ ಅಂದಾಗಿನ ಬಿಸಿಲು, ಬೆರಳು, ಕುಣಿಕೆ ನೆನಪಿದೆ, ಶಬ್ದ ಒಂದೂ ಇಲ್ಲ. ನಲವತ್ತೇಳನೆಯದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಿರುಗಿಸಿ ಅವ್ವನ ಮುಂದೆ ಹೇಳಿ ನೋಡಿದ. ಅವಳು ಕುತ್ತಿಗೆ ವಾಲಿಸಿ ಕೇಳಿದಳು, ಪರವೂರಿನವರು ದಾರಿ ಕೇಳಿದಾಗ ಕೇಳುತ್ತಾರಲ್ಲ, ಹಾಗೆ. "ಚಲೋ ಐತಪ್ಪಾ," ಅಂದಳು, "ಯಾರ ಅವ್ವ ಅಂತಿದ್ಲು ಇದನ್ನ?" ವಯಸ್ಸಾತ್ರಿ ಅವರಿಗೆ, ಎಂದು ಬನಶಂಕರಿ ಪಿಸುಗುಟ್ಟಿದಳು. ವಯಸ್ಸಾಗಿದ್ದರೆ ನಿನ್ನೆ ತಂದ ರೇಷ್ಮೆಯ ಬಣ್ಣ ಮರೆಯಬೇಕಿತ್ತು, ಮೊಮ್ಮಕ್ಕಳ ಹೆಸರು ಮರೆಯಬೇಕಿತ್ತು. ಅವ್ವ ಮರೆತದ್ದು ಅರವತ್ತೈದೇ ಅರವತ್ತೈದು. ಅವನು ಎಣಿಸಿ ನೋಡಿದ್ದ. ಸಾಕು, ನಿಲ್ಲಿಸಿಬಿಡುತ್ತೇನೆ, ಉಳಿದ ನಲವತ್ತೇಳಾದರೂ ಅವಳ ಬಾಯಲ್ಲಿರಲಿ ಎಂದು ಅವನು ಅಂದೇ ಆಣೆ ಮಾಡಿಕೊಂಡ.

ಪಿಲಾರ್ ಆ ಚಳಿಗಾಲ ಮತ್ತೆ ಬಾದಾಮಿಗೆ ಬಂದಿದ್ದಳು. ಕಾಗದದಲ್ಲಿ ಬರೆಯುವುದಲ್ಲ ಇದು, ಎದುರಿಗೇ ಹೇಳಬೇಕೆಂದು ಹೊಳಬಸಪ್ಪ ರಜೆ ಹಾಕಿ ಬಸ್ಸು ಹತ್ತಿದ. ಹುನಗುಂದ ದಾಟುವವರೆಗೆ ಹೇಳಬೇಕಾದ್ದನ್ನು ಇಂಗ್ಲಿಷಿನಲ್ಲಿ ಹೊಸೆಯುತ್ತಿದ್ದ. ಮೇಡಂ, ನನ್ನ ತಾಯಿಯ ಮಾತು ನಿಮ್ಮ ಪುಸ್ತಕಕ್ಕೆ ಹೋಗುತ್ತಿದೆ. ಛೇ, ಹುಚ್ಚನೆನ್ನುತ್ತಾಳೆ. ಅಮೀನಗಡದಲ್ಲಿ ಬಸ್ಸು ನಿಂತಾಗ ಇಳಿದು ಅವಳಿಗಾಗಿ ಕರದಂಟು ಕಟ್ಟಿಸಿಕೊಂಡ. ನಿಲ್ಲಿಸಿರೆಂದು ಹೇಳಲು ಹೋಗುವವನು ಸಿಹಿ ಯಾಕೆ ಒಯ್ಯುತ್ತಾನೆ ಎಂದು ತನ್ನನ್ನು ತಾನೇ ಕೇಳಿಕೊಂಡು ಮತ್ತೆ ಬಸ್ಸು ಹತ್ತಿದ. ಪಿಲಾರ್ ಗುಹೆಗಳ ಕೆಳಗಿನ ದೊಡ್ಡ ಹೊಂಡದ ಮೆಟ್ಟಿಲ ಮೇಲೆ ಕುಳಿತಿದ್ದಳು. ಆಚೆ ದಂಡೆಯಲ್ಲಿ ಹೆಂಗಸರು ಬಟ್ಟೆ ಒಗೆಯುತ್ತಿದ್ದರು, ಏಟಿನ ಸಪ್ಪಳ ಕೆಂಪು ಬಂಡೆಗೆ ಬಡಿದು ಒಂದರ ಹಿಂದೆ ಇನ್ನೊಂದು ತಿರುಗಿ ಬರುತ್ತಿತ್ತು. ಅವನು ಬಾಯಿ ತೆಗೆಯುವ ಮೊದಲೇ ಅವಳು ಅವನ ಎರಡೂ ಕೈ ಹಿಡಿದುಕೊಂಡಳು. ನನಗೆ ನನ್ನ ತಾಯಿಯ ದನಿ ಮರೆತುಹೋಗಿತ್ತು, ಎಂದಳು. ಮುಖ ನೆನಪಿತ್ತು, ಫೋಟೋ ಇತ್ತು, ದನಿ ಇರಲಿಲ್ಲ. ನಿಮ್ಮ ಇಂಗ್ಲಿಷ್ ಓದುವಾಗ ಕೇಳಿಸುತ್ತದೆ, ಅಡುಗೆಮನೆಯಿಂದ ಕೇಳಿಸುತ್ತದೆ. ಇನ್ನು ನಲವತ್ತೇಳು ಸಿಕ್ಕರೆ ಅವಳು ಪೂರಾ ಬಂದಂತೆ. ನಿಮ್ಮ ಹೆಸರು ನನ್ನ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಹಾಕಲು ಹೇಳಿದ್ದೇನೆ. ಅವಳು ಅಳುತ್ತಿದ್ದಳು. ಅಳುವ ಹೆಂಗಸಿಗೆ, ನಿನ್ನ ತಾಯಿಯನ್ನು ಹಿಂದಕ್ಕೆ ಕಳಿಸು, ನನ್ನ ತಾಯಿ ಬೇಕು ಎಂದು ಹೇಳುವ ಇಂಗ್ಲಿಷ್ ಅವನಿಗೆ ಬರುತ್ತಿರಲಿಲ್ಲ. ಹಾಗೆಂದು ಆಮೇಲೆ ಬಹಳ ದಿನ ಅಂದುಕೊಂಡ. ಖರೆ ಎಂದರೆ, ದೊಡ್ಡ ಅಕ್ಷರ ಎಂದಾಗಲೇ ಅವನ ಬಾಯಿ ಕಟ್ಟಿತ್ತು. ಅವನು ಕರದಂಟು ಕೊಟ್ಟ. ಹೊರಡುವಾಗ ಪಿಲಾರ್ ಮೇಲಿನ ಮೆಟ್ಟಿಲಿನಿಂದ ಬಗ್ಗಿ ಎರಡೂ ಕೈಗಳಿಂದ ಅವನ ಮುಖ ಸವರಿ, ಬೆರಳು ಮಡಿಸಿ ತನ್ನ ಕಪಾಳಕ್ಕೊತ್ತಿ ಲಟಲಟ ನೆಟಿಗೆ ಮುರಿದಳು. ದೃಷ್ಟಿ ತೆಗೆಯುವುದನ್ನು ಇವಳಿಗೆ ಯಾರು ಕಲಿಸಿದರು? ಹಾಗೆಂದು ಕೇಳಿದ. "ಏನನ್ನು?" ಎಂದಳು ಪಿಲಾರ್, ಮತ್ತು ತನ್ನ ಕೈಗಳನ್ನು ಹೊರಳಿಸಿ ನೋಡಿಕೊಂಡಳು.

ಆಮೇಲಿನದಕ್ಕೆ ನೆಪ ಯಾವುದೂ ಇಲ್ಲ. ಗೊತ್ತಿದ್ದೂ ಮಾಡಿದ. ತಿರುಗಿ ಬಂದ ಸಂಜೆ ಉಳಿದ ಚೀಟಿಗಳನ್ನಿಟ್ಟು ಟ್ರಂಕಿಗೆ ಬೀಗ ಹಾಕಿದ, ಮರುದಿನ ಸಂಜೆ ಬೀಗ ತೆಗೆದ. ದಿನಕ್ಕೊಂದೇ ಎಂದುಕೊಂಡ, ವಾರಕ್ಕೆರಡು ಎಂದುಕೊಂಡ, ಅವ್ವ ಅಷ್ಟಾಗಿ ಬಳಸದ ಮಾತನ್ನಷ್ಟೇ ಕೇಳಿದರಾಯಿತು ಎಂದುಕೊಂಡ. ಯಾವುದನ್ನು ಬಳಸುವುದಿಲ್ಲ ಎಂದು ಅವ್ವನನ್ನೇ ಹೇಗೆ ಕೇಳುವುದು! ಚೀಟಿಗಳು ಎಂಬತ್ತು ದಾಟಿದ ಮೇಲೆ ಅವಳು ಬೈಯುವುದನ್ನು ಬಿಟ್ಟಳು. ತೊಂಬತ್ತು ದಾಟಿದ ಮೇಲೆ ಹಾಸ್ಯ ನಿಂತಿತು. ಪಕ್ಕದ ಮನೆಯ ಶಿವಲಿಂಗವ್ವ ದಿನಾ ಮಧ್ಯಾಹ್ನ ಎಲೆಯಡಿಕೆಗೆ ಬರುತ್ತಿದ್ದವಳು, "ಗುರುಸಿದ್ದಕ್ಕನ ಸಂಗಾಟ ಕುಂತ್ರ ಬರೇ ಗ್ವಾಡಿ ಸಂಗಾಟ ಕುಂತಂಗ ಆಗೇತ್ವಾ" ಎಂದು ಬನಶಂಕರಿಯ ಮುಂದೆ ಅಂದು, ಬರುವುದನ್ನು ಕಡಿಮೆ ಮಾಡಿದಳು. ನೀರು, ಉಪ್ಪು, ಕದ ಹಾಕು, ದೀಪ ಹಚ್ಚು. ಅವ್ವನಿಗೆ ಈಗ ಬಹುತೇಕ ಇಷ್ಟೇ ಮಾತು. ಅತ್ತೆಯ ಚುಚ್ಚುಮಾತಿಗೆ ಹದಿನಾಲ್ಕು ವರ್ಷ ಅತ್ತ ಬನಶಂಕರಿ ಒಂದು ದಿನ ಬೇಕೆಂದೇ ರೊಟ್ಟಿ ಹೊತ್ತಿಸಿ, ಬಾಗಿಲಲ್ಲಿ ನಿಂತು ಕಾದು, ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. "ಏನ್ ಮಾಡಾಕತ್ತೀರ್ರೀ ನೀವು ಅವರಿಗೆ?" ಎಂದು ಕೇಳಿದಳು. ಅವಳಿಗೆ ಯಾರೂ ಹೇಳಿರಲಿಲ್ಲ, ಆದರೂ ಕೇಳಿದಳು. ಹೊಳಬಸಪ್ಪ ಗದರಿಸಿದ.

ಮಳೆಗಾಲದ ಹೊತ್ತಿಗೆ ಒಂದೇ ಚೀಟಿ ಉಳಿಯಿತು. ಅದರ ಹಿಂದೆ ಪಿಲಾರ್ ಬರೆದಿದ್ದಳು: ನಾನು ಮನೆ ಬಿಟ್ಟು ಹೊರಟಾಗ ತಾಯಿ ಹೊಸ್ತಿಲಲ್ಲಿ ನಿಂತು ಅಂದದ್ದು. ಹೊಳಬಸಪ್ಪನಿಗೆ ಓದಿದ ಕೂಡಲೇ ಗೊತ್ತಾಯಿತು. ಧಾರವಾಡಕ್ಕೆ ಓದಲು ಹೊರಟ ದಿನ ಅವ್ವ ತನ್ನ ತಲೆಯ ಮೇಲೆ ಕೈಯಿಟ್ಟು ಒಂದು ಮಾತು ಅಂದಿದ್ದಳು, ಆಮೇಲೆ ಪ್ರತಿ ಸಲ ಬಸ್ಸಿಗೆ ಹೊರಡುವಾಗಲೂ, ಬಾದಾಮಿಗೆ ಹೋದ ದಿನ ಕೂಡ. ಅದೊಂದು ಅವನಿಗೆ ಇನ್ನೂ ಕನ್ನಡದಲ್ಲಿ ನೆನಪಿತ್ತು. ಎಂಟು ದಿನ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದ. ಏನಾದರೂ ಸುಳ್ಳು ಬರೆದು ಕಳಿಸಿದರಾಯಿತು. ಕಳಿಸಿದರೆ ಕೆಂಪು ಸಾಲು ಬರುತ್ತದೆ, ಹೀಗೆ ಯಾರೂ ಮಾತಾಡುವುದಿಲ್ಲ. ನೂರಾ ಹನ್ನೊಂದಕ್ಕೆ ಪುಸ್ತಕ ನಿಲ್ಲಲಿ. ನಿಂತರೆ ಪ್ರಿನ್ಸಿಪಾಲರು ಬಾಯಿ ಬಿಡುತ್ತಾರೆ. ಒಂಬತ್ತನೆಯ ದಿನ ಅವ್ವನ ಮುಂದೆ ಹೋಗಿ ಕುಳಿತ. ಕುಳಿತದ್ದಷ್ಟೇ, ಕೇಳಲಿಲ್ಲ. ಅವಳು ಕುಣಿಕೆ ಕೆಳಗಿಟ್ಟು ಅವನ ಜೇಬಿನ ಕಡೆ ನೋಡಿದಳು. "ಒಂದ ಉಳದೈತಿ ಹೌದಿಲ್ಲೋ?" ಎಂದಳು. ಅವನು ಜೇಬಿನ ಮೇಲೆ ಕೈಯಿಟ್ಟುಕೊಂಡ.

"ಬ್ಯಾಡ ಯವ್ವಾ. ಇರ್ಲಿ ಅದು."

"ನನ್ನ ಕಡೆ ಇದ್ದು ಏನ್ ಮಾಡ್ತೈತಿ? ಆವತ್ತು ಮಂದಿ ಮುಂದ ಸುಮ್ಮ ಕುಂದರು ಅಂದಿದ್ದಿ. ಈಗ ನೀನಾಗೇ ಕೇಳಾಕ ಬಂದಿ, ಅದು ನನಗ ಭಾಳ ಆತು. ತಗೋ, ಬರಕೋ ನನ್ನಪ್ಪಾ."

ಅವಳು ಅವನ ತಲೆಯ ಮೇಲೆ ಕೈಯಿಟ್ಟು ಅದನ್ನು ಅಂದಳು. ಅವನು ಬರೆದುಕೊಂಡ. ಬರೆಯುವಾಗ ಕೈ ನಡುಗಲಿಲ್ಲ, ಅದನ್ನು ನೆನೆದರೆ ಅವನಿಗೆ ಇಂದಿಗೂ ತನ್ನ ಕೈ ಕಂಡರಾಗುವುದಿಲ್ಲ. ಇಂಗ್ಲಿಷ್ ಸಾಲು ಮುಗಿಸಿ, ಪೂರ್ಣವಿರಾಮ ಇಟ್ಟು ತಲೆ ಎತ್ತುವಷ್ಟರಲ್ಲಿ ಅವ್ವ ಮತ್ತೆ ಕುಣಿಕೆ ಹಿಡಿದಿದ್ದಳು. ಅವನು ಮರುದಿನ ಕಾಲೇಜಿಗೆ ಹೊರಟಾಗ ಅವಳು ಹೊಸ್ತಿಲವರೆಗೂ ಬಂದಳು, ಕೈ ಎತ್ತಿದಳು, ಎತ್ತಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಬಾಗಿಲ ಚೌಕಟ್ಟಿನ ಧೂಳು ಒರೆಸಿದಳು.

ಶ್ರಾವಣದ ಎರಡನೆಯ ಸೋಮವಾರ, ಬೆಳಗಿನ ಪೂಜೆಗೆ ಅಂಗೈಯಲ್ಲಿ ಲಿಂಗ ಹಿಡಿದು ಕುಳಿತವಳು ಏಳಲಿಲ್ಲ. ಪಡಸಾಲೆಯ ಅದೇ ಗೋಡೆಗೆ ಅವಳನ್ನು ಕುಳ್ಳಿರಿಸಿ, ಹಣೆತುಂಬ ವಿಭೂತಿ ಹಚ್ಚಿ, ಹೂವಿನ ಹಾರ ಹಾಕಿದರು. ಓಣಿಯ ಹೆಂಗಸರು ಬಂದು ಸುತ್ತ ಕುಳಿತರು. ಕುಳಿತ ಹೆಣ ಜೀವಂತ ಮನುಷ್ಯರಿಗಿಂತ ನೆಟ್ಟಗಿರುತ್ತದೆ. ಈ ಊರಿನಲ್ಲಿ ಸತ್ತವರ ಎದುರು ಸುಮ್ಮನೆ ಅಳುವುದಿಲ್ಲ, ಹಾಡಿಕೊಂಡು ಅಳುತ್ತಾರೆ. ಸತ್ತವಳು ಜೀವಮಾನವೆಲ್ಲ ಏನೇನು ಅನ್ನುತ್ತಿದ್ದಳೋ ಆ ಮಾತುಗಳನ್ನೇ ಒಂದೊಂದಾಗಿ ಎತ್ತಿ, ಇನ್ನು ಇದನ್ನು ಯಾರು ಅನ್ನಬೇಕವ್ವಾ ಎಂದು ಕೇಳಿ ಕೇಳಿ ಅಳಬೇಕು. ಅದಾಗದೆ ಮಣ್ಣಿಗೆ ಒಯ್ದರೆ ಆ ಮನೆಯವರ ಮನಸ್ಸಿಗೆ ಮುಗಿದಂತಾಗುವುದಿಲ್ಲ. ಶಿವಲಿಂಗವ್ವ ಅದರಲ್ಲಿ ಗಟ್ಟಿ ಹೆಂಗಸು. ಅವಳು ಎದೆ ಬಡಿದುಕೊಂಡು, "ಯವ್ವಾ ಗುರುಸಿದ್ದವ್ವಾ, ನೀ ಏನಂತಿದ್ದೆವ್ವಾ, ನೀ ಹೆಂಗಂತಿದ್ದೆವ್ವಾ…" ಎಂದು ಎತ್ತಿದಳು. ಎತ್ತಿದವಳು ನಿಂತಳು. ಇನ್ನೊಮ್ಮೆ ಎತ್ತಿದಳು, ಇನ್ನೊಮ್ಮೆ ಅಲ್ಲಿಗೇ ನಿಂತಿತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. "ನಿನಗ ನೆನಪೈತೇನ ಚಂದವ್ವಾ?" "ಇಲ್ಲವಾ. ನಲವತ್ತು ವರ್ಷ ಕೇಳೇನಿ, ಒಂದೂ ಬಾಯಿಗೆ ಬರವಲ್ದು." ಯಾರಿಗೂ ಬರಲಿಲ್ಲ. ಅಳು ನಿಂತು ಪಡಸಾಲೆಯಲ್ಲಿ ನೊಣದ ಸಪ್ಪಳ ಕೇಳತೊಡಗಿತು. ಹೊರಗೆ ಮಠದ ಅಯ್ಯನವರು, ಹೊತ್ತಾತು ಎಂದರು. ಆಗ ಶಿವಲಿಂಗವ್ವ ತಿರುಗಿ, "ಮಗಾ ಅದಾನಲ್ಲ. ದಿನಾ ಮುಂದ ಕುಂತು ಬರಕೊಂತಿದ್ದ. ಹೇಳೋ ಯಪ್ಪಾ, ನಿಮ್ಮವ್ವ ಏನಂತಿದ್ಲು?" ಎಂದಳು.

ಹೊಳಬಸಪ್ಪ ಹೆಣದ ಎದುರು ಕುಳಿತ. ಏನು ಬರುತ್ತದೆಂದು ಅವನಿಗೆ ಗೊತ್ತಿತ್ತು. ನಾಚಿಕೆಯಿಂದ ಸತ್ತೇ ಹೋಗುತ್ತೇನೆ ಎನ್ನಿಸಿತು, ಆದರೂ ಸುಮ್ಮನಿದ್ದು ಅವಳನ್ನು ಕಳಿಸಲಾರದೆ ಬಾಯಿ ತೆರೆದ. ಇಂಗ್ಲಿಷ್ ಬಂತು. ಸಹಜವಾದ, ಸಲೀಸಾದ, ಕೆಂಪು ಪೆನ್ನಿನ ಸರಿಗುರುತು ಬಿದ್ದ ಇಂಗ್ಲಿಷ್. ಕುರುಡು ಎಮ್ಮೆಯದನ್ನು ಅಂದ, ಹಾಲು ಉಕ್ಕಿದ್ದನ್ನು ಅಂದ, ಬೀಗರದ್ದನ್ನು ಅಂದ. ಹೆಂಗಸರು ಎದ್ದು ಹೋಗುತ್ತಾರೆ, ಗಂಡಸರು ಬಂದು ಹಿಡಿದೆಳೆಯುತ್ತಾರೆ ಎಂದು ಕಣ್ಣು ಮುಚ್ಚಿಕೊಂಡ. ಯಾರೋ ನಕ್ಕರು. ಅಳುವಿನ ನಡುವೆ ಬರುವ ನಗು, ಶಿವಲಿಂಗವ್ವನದು, ಎಮ್ಮೆಯ ಮಾತಿಗೆ ಅವಳು ಯಾವಾಗಲೂ ನಗುತ್ತಿದ್ದ ನಗು. "ಹೌದವ್ವಾ, ಹಿಂಗ ಅಂತಿದ್ದೆಲ್ಲವ್ವಾ!" ಎಂದು ಚಂದವ್ವ ಎತ್ತಿಕೊಂಡಳು, ಉಳಿದವರು ಎತ್ತಿಕೊಂಡರು, ಅಳು ತುಂಬಿ ಹರಿಯಿತು. ಅವನು ಅನ್ನುತ್ತ ಹೋದ, ಅವರು ಪ್ರತಿಯೊಂದನ್ನೂ ಹಿಡಿದು, ಇನ್ನು ಯಾರು ಅನ್ನಬೇಕವ್ವಾ ಎಂದು ಅಳುತ್ತ ಹೋದರು. ನಲವತ್ತೇಳನೆಯದಕ್ಕೆ ಬನಶಂಕರಿ ಅತ್ತೆಯ ಕಾಲ ಮೇಲೆ ಬಿದ್ದು ಹೊರಳಿದಳು. ಕಟ್ಟಕಡೆಯದನ್ನು, ಹೊಸ್ತಿಲಿನದನ್ನು ಅಂದಾಗ ಹೊರಗಿನ ಗಂಡಸರೂ ತಲೆಗೆ ಸುತ್ತಿದ ಪಟಗಾದ ತುದಿಯಿಂದ ಕಣ್ಣೊರೆಸಿಕೊಂಡರು. ಅಲ್ಲಿದ್ದವರಿಗೆಲ್ಲ ಗುರುಸಿದ್ದವ್ವನ ಮಾತು ಕೇಳಿಸುತ್ತಿತ್ತು. ಹೊಳಬಸಪ್ಪ ಕಿವಿಗೊಟ್ಟು ಕೇಳಿದ, ಉಸಿರು ಹಿಡಿದು ಕೇಳಿದ. ಅವನೊಬ್ಬನಿಗೆ ಮಾತ್ರ ಅದು ಇಂಗ್ಲಿಷಾಗಿಯೇ ಕೇಳಿಸಿತು.